ಕಸುಬು: ಏನೂ ಇಲ್ಲ

ನೀವು ಬದುಕಿದ್ದೀರಾ? ಹಾಗಾದರೆ ಬೇಜಾರು ಮಾಡಿಕೊಳ್ಳಬೇಡಿ, ನನ್ನ ಷಡ್ಡಕನಿಗೆ ನಿಮ್ಮಲ್ಲಿ ಯಾವ ಆಸಕ್ತಿಯೂ ಇಲ್ಲ. ಅವನ ಸ್ನೇಹ ಸಂಪಾದಿಸಬೇಕಾದರೆ ನೀವು ಸತ್ತು ಎರಡು ಮೂರು ತಲೆಮಾರು ಕಳೆದಿರಬೇಕು, ಬದುಕಿದ್ದಾಗ ಬೇರೆಯವರ ಹೊಲದಲ್ಲಿ ದುಡಿದಿರಬೇಕು, ಯಾವನೋ ಜನಗಣತಿಯ ಗುಮಾಸ್ತ ನಿಮ್ಮ ಹೆಸರನ್ನು ಕಾಗೆ ಕಾಲಿನ ಅಕ್ಷರದಲ್ಲಿ ಬರೆದುಕೊಂಡು ಹೋಗಿರಬೇಕು. ಇಷ್ಟು ಅರ್ಹತೆ ಇದ್ದರೆ ನಿಮಗಾಗಿ ಅವನು ಊಟ ಬಿಡುತ್ತಾನೆ. ಇಲ್ಲದಿದ್ದರೆ ನನ್ನ ಹಾಗೆ ಅಮೆರಿಕದ ಅರೋರಾ ಎಂಬ ಊರಿನಿಂದ ಐದು ಗಂಟೆ ಡ್ರೈವ್ ಮಾಡಿ, ಮಿಷಿಗನ್ ರಾಜ್ಯದ ಗಡಿ ದಾಟಿದ ತಪ್ಪಿಗೆ ಗಡಿಯಾರದಲ್ಲಿ ಇನ್ನೂ ಒಂದು ಗಂಟೆ ಕಳೆದುಕೊಂಡು, ನೋವೈನ ಅವನ ಮನೆ ಬಾಗಿಲಲ್ಲಿ ನಿಂತರೂ ಒಂದು ಲೋಟ ನೀರು ಹುಟ್ಟುವುದಿಲ್ಲ. "ಬಾ ಬಾ, ಆಮೋಸನ ಮಗಳು ಕಳದು ಹೋಗ್ಯಾಳ" ಎನ್ನುತ್ತಾನೆ, ಮಗು ಜಾತ್ರೆಯಲ್ಲಿ ತಪ್ಪಿಸಿಕೊಂಡಂತೆ. ಆ ಮಗಳು ಬದುಕಿದ್ದರೆ ಈಗ ನೂರಿಪ್ಪತ್ತು ವರ್ಷ!

ಷಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ನಾನು ಮೈಸೂರಿನವನು, ಆದ್ದರಿಂದ ಸಂಭಾವಿತ. ಅವನು ಗದಗಿನ ಕಡೆಯವನು, ಆದ್ದರಿಂದ ಹಟಮಾರಿ. ಲಿವೋನಿಯಾದ ಒಂದು ಆಫೀಸಿನಲ್ಲಿ ಮೂವತ್ತು ವರ್ಷ ಕಾರುಗಳಿಗೆ ಬ್ರೇಕ್ ಡಿಸೈನ್ ಮಾಡಿದ. ಅಷ್ಟೊಂದು ಕಾರು ನಿಲ್ಲಿಸಿದವನು ರಿಟೈರ್ ಆದಮೇಲೆ ಅವನನ್ನು ನಿಲ್ಲಿಸುವ ಬ್ರೇಕು ಮಾತ್ರ ಯಾರಿಗೂ ಸಿಗಲಿಲ್ಲ.

ಶುರುವಾದದ್ದು ಒಂದು ಫಲಕದಿಂದ. ಅವನಿರುವ ಸಬ್‌ಡಿವಿಷನ್, ಅಂದರೆ ಬಡಾವಣೆ, ಒಂದು ಕಾಲಕ್ಕೆ ದೊಡ್ಡ ಹೊಲವಾಗಿತ್ತಂತೆ. ಅಲ್ಲಿನ ಮನೆಯವರ ಸಂಘಕ್ಕೆ ಇದ್ದಕ್ಕಿದ್ದಂತೆ ಚರಿತ್ರೆಯ ಮೇಲೆ ಪ್ರೀತಿ ಉಕ್ಕಿ, ಹೆಬ್ಬಾಗಿಲ ಕೊಳದ ಪಕ್ಕ ಒಂದು ಕಂಚಿನ ಫಲಕ ನಿಲ್ಲಿಸಲು ಹೊರಟಿತು. 'ಈ ನೆಲವನ್ನು ಉತ್ತು ಬಿತ್ತಿದವರು' ಎಂದು ಬರೆದು ಕೆಳಗೆ ಜಮೀನಿನ ಮಾಲೀಕನ ಹೆಸರು. ಎಲ್ಲರೂ ಬಹಳ ಚೆನ್ನಾಗಿದೆ ಎಂದರು. ನನ್ನ ಷಡ್ಡಕ ಮಾತ್ರ ಮನೆಗೆ ಬಂದು ಕಂಪ್ಯೂಟರ್ ಮುಂದೆ ಕೂತು ಹಳೆಯ ಜನಗಣತಿ ತೆಗೆದ.

ಈ ದೇಶದಲ್ಲಿ ಗಣತಿಯ ಹಾಳೆಗಳನ್ನು ಎಪ್ಪತ್ತೆರಡು ವರ್ಷ ಗುಟ್ಟಾಗಿಟ್ಟು ಆಮೇಲೆ ಊರಿಗೆಲ್ಲ ತೋರಿಸುತ್ತಾರೆ. ಎಪ್ಪತ್ತೆರಡು ವರ್ಷ! ನಮ್ಮ ಅರೋರಾದ ಕನ್ನಡಿಗರ ಪಾಟ್‌ಲಕ್ ಊಟದಲ್ಲಿ ಒಂದು ಗುಟ್ಟು ಎಪ್ಪತ್ತೆರಡು ಸೆಕೆಂಡು ಉಳಿದದ್ದನ್ನು ನಾನು ನೋಡಿಲ್ಲ. ಇರಲಿ. ಹಾಳೆಯಲ್ಲಿ ಮಾಲೀಕನ ಮನೆಯವರ ಹೆಸರುಗಳೆಲ್ಲ ಮುಗಿದ ಮೇಲೆ, ಕೆಳಗಿನ ಗೆರೆಯಲ್ಲಿ ಒಬ್ಬ ಆಮೋಸ್. ಕಸುಬು: ಹೊಲದ ಕೂಲಿ. ಓದಲು ಬರುತ್ತದೆಯೇ: ಇಲ್ಲ. ಬರೆಯಲು ಬರುತ್ತದೆಯೇ: ಇಲ್ಲ.

ಅವತ್ತೇ ನನಗೆ ಫೋನು. "ಹೊಲಾ ಹರಗಿದಾಂವ ಒಬ್ಬ, ಬೋರ್ಡಿನ ಮ್ಯಾಲೆ ಹೆಸರು ಇನ್ನೊಬ್ಬಂದು. ಇದ್ಯಾವ ನ್ಯಾಯನೋ?"

"ಸತ್ತವನು ಬಂದು ಕಂಪ್ಲೇಂಟ್ ಕೊಟ್ಟನೇನಯ್ಯ?" ಎಂದೆ.

"ಅಂವ ಬರಂಗಿಲ್ಲ. ಅದಕ್ಕ ನಾ ಕೊಡಾಕತ್ತೀನಿ."

ಸಂಘದ ಅಧ್ಯಕ್ಷರು ಒಬ್ಬ ನಿವೃತ್ತ ದಂತವೈದ್ಯರು, ಬೇರೆಯವರ ಬಾಯಿ ತೆರೆಸಿ ಅಭ್ಯಾಸವೇ ಹೊರತು ಮುಚ್ಚಿಸಿ ಅಲ್ಲ. ಸಮಾಧಾನವಾಗಿ ಹೇಳಿದರಂತೆ: ಖಾಸಗಿ ವ್ಯಕ್ತಿಯ ಹೆಸರು ಹಾಕಬೇಕಾದರೆ ಅವನ ವಂಶದವರು ಯಾರಾದರೂ ಸಹಿ ಮಾಡಿ ಒಪ್ಪಬೇಕು, ಅದೂ ಅಕ್ಟೋಬರಿನ ಸಭೆಯೊಳಗೆ, ಇಲ್ಲದಿದ್ದರೆ ಆಗುವುದಿಲ್ಲ. ಪಾಪ, ಗದಗಿನ ಕಡೆಯವನಿಗೆ 'ಆಗುವುದಿಲ್ಲ' ಎನ್ನಬಾರದು ಎಂದು ಅವರಿಗೆ ಯಾರು ಹೇಳಿಕೊಡಬೇಕು?

ಬೇಸಿಗೆಯಲ್ಲಿ ನಾವು ಹೋದಾಗ ಆ ಮನೆ ತಹಸೀಲ್ದಾರರ ಕಚೇರಿಯಾಗಿತ್ತು. ಟಿವಿ ಇದ್ದ ಗೋಡೆಯ ಮೇಲೆ ಆಮೋಸನ ವಂಶವೃಕ್ಷ. ಡೈನಿಂಗ್ ಟೇಬಲ್ ತುಂಬ ಹಾಳೆಗಳು, ಆದ್ದರಿಂದ ನಾವೆಲ್ಲ ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಬೇಕು. ನಾನು ಬಾಯಿ ಮುಚ್ಚಿಕೊಂಡು ಇರುವವನೇ? ಗಣತಿ ನಡೆಯುವುದು ಹತ್ತು ವರ್ಷಕ್ಕೊಮ್ಮೆ, ಆದರೆ ಮೊದಲ ಹತ್ತು ವರ್ಷದಲ್ಲಿ ಆಮೋಸನ ವಯಸ್ಸು ಬರೇ ಏಳು ವರ್ಷ ಹೆಚ್ಚಾಗಿದೆ, ಮುಂದಿನ ಹತ್ತರಲ್ಲಿ ಹದಿನಾಲ್ಕು! ಇಂಥ ಸುಳ್ಳುಗಾರನಿಗೆ ಫಲಕವೇ ಎಂದು ಕೆಣಕಿದೆ.

"ಹುಟ್ಟಿದ ತಾರೀಕು ಯಾರಿಗೆ ಗೊತ್ತಿರತದ? ನಂದೂ ಜೂನ್ ಒಂದು, ನಿಂದೂ ಜೂನ್ ಒಂದು. ನಾವಿಬ್ರೂ ಹೆಡ್‌ಮಾಸ್ತರ ಹಡದ ಮಕ್ಕಳು" ಎಂದ. ಆ ಸುತ್ತು ಅವನು ಗೆದ್ದ, ಒಪ್ಪಿಕೊಳ್ಳುತ್ತೇನೆ.

ಅವನಿಗೆ ನಿಜಕ್ಕೂ ಸಿಟ್ಟು ಬರುತ್ತಿದ್ದದ್ದು ಬೇರೆ ಕಡೆ. ಆಮೋಸನ ಹೆಂಡತಿಯ ಗೆರೆಯಲ್ಲಿ ಕಸುಬಿನ ಕಾಲಮ್ಮಿಗೆ ಬಂದರೆ ಗುಮಾಸ್ತ 'ಏನೂ ಇಲ್ಲ' ಎಂದು ಬರೆದಿದ್ದ. ಮೂರು ಮಕ್ಕಳು, ಮಾಲೀಕನ ದನಗಳು, ಹಾಲು, ಬೆಣ್ಣೆ, ಬಟ್ಟೆ, ಮಿಷಿಗನ್ನಿನ ಚಳಿ. ಕಸುಬು ಏನೂ ಇಲ್ಲ! ಅದನ್ನು ನೋಡಿದಾಗಲೆಲ್ಲ ಷಡ್ಡಕ ಎದ್ದು ಕೋಣೆಯಲ್ಲಿ ಓಡಾಡುತ್ತಿದ್ದ, ಮೂಗಿನಿಂದ ಹೊಗೆ ಬರುವುದೊಂದು ಬಾಕಿ. ನನ್ನ ನಾದಿನಿ ರೊಟ್ಟಿ ತಂದಿಡುತ್ತ ತಣ್ಣಗೆ ಹೇಳಿದಳು: "ಭಾವ, ಇವರಿಗೆ ಆಮೋಸನ ಹೆಂಡತಿ ತೊಳೆದ ಪಾತ್ರೆ ಕಾಣುತ್ತೆ. ನಮ್ಮ ಸಿಂಕಲ್ಲಿರೋದು ಕಾಣಲ್ಲ."

ಇಂಥವನನ್ನು ಸುಮ್ಮನೆ ಬಿಡುವುದು ನನ್ನ ಧರ್ಮಕ್ಕೆ ವಿರೋಧ. ನನ್ನ ಕೈಯ ಕಲೆ ನಿಮಗೆ ಗೊತ್ತಿಲ್ಲ. ಹೈಸ್ಕೂಲಿನಲ್ಲಿ ಎರಡು ವರ್ಷ ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿ ನಾನೇ ಹಾಕಿದೆ. ಮೂರನೆಯ ವರ್ಷ ಅಪ್ಪ ಒಮ್ಮೆ ನಿಜವಾಗಿ ಸಹಿ ಮಾಡಿದಾಗ ಮೇಷ್ಟ್ರು 'ಇದು ಖೋಟಾ' ಎಂದು ಬೆಂಚಿನ ಮೇಲೆ ನಿಲ್ಲಿಸಿದರು! ಆ ಕೈಯಿಂದ ಒಂದು ಗಣತಿಯ ಹಾಳೆ ತಯಾರಿಸಿದೆ. ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಸಿ ಹಳೆಯದು ಮಾಡಿದೆ. ಮನೆಯ ಯಜಮಾನಿ: ನನ್ನ ನಾದಿನಿ. ಮುಂದಿನ ಗೆರೆಯಲ್ಲಿ ಷಡ್ಡಕ. ಯಜಮಾನಿಗೆ ಏನಾಗಬೇಕು: ಬಾಡಿಗೆದಾರ. ಓದಲು ಬರುತ್ತದೆ, ಬರೆಯಲು ಬರುತ್ತದೆ, ಹೇಳಿದ್ದು ಕೇಳಲು ಬರುವುದಿಲ್ಲ. ಕಸುಬು: ಏನೂ ಇಲ್ಲ. ಅದನ್ನು ಅವನ ಫೈಲಿನ ನಡುವೆ ತುರುಕಿ ಅರೋರಾಕ್ಕೆ ಓಡಿ ಬಂದೆ, ಬೈಗುಳದ ಫೋನಿಗೆ ಕಾದೆ. ವಾರವಾಯಿತು, ತಿಂಗಳಾಯಿತು. ಸದ್ದಿಲ್ಲ. ಪಟಾಕಿಗೆ ಬೆಂಕಿ ಹಚ್ಚಿ ಕಿವಿ ಮುಚ್ಚಿಕೊಂಡು ಕೂತವನ ಕಷ್ಟ ಯಾರಿಗೆ ಹೇಳಲಿ?

ಅಷ್ಟರಲ್ಲಿ ಅವನ ಕಷ್ಟ ದೊಡ್ಡದಾಗಿತ್ತು. ಆಮೋಸನ ಇಬ್ಬರು ಗಂಡುಮಕ್ಕಳೂ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಮಗಳು ಮದುವೆಯಾಗಿ ಗಂಡನ ಹೆಸರಿಟ್ಟುಕೊಂಡು ಮಾಯ. ಗಂಡ ಯಾರೆಂದು ಎಲ್ಲೂ ದಾಖಲೆಯಿಲ್ಲ. ವಂಶ ಹುಡುಕುವುದನ್ನೇ ಹವ್ಯಾಸ ಮಾಡಿಕೊಂಡ ಲೈಬ್ರರಿಯವರೆಲ್ಲ, ಈ ಗೆರೆ ಇಲ್ಲಿಗೆ ಮುಗಿಯಿತು, ಬಿಟ್ಟುಬಿಡಿ ಎಂದರಂತೆ. ಸಭೆಗೆ ಐದು ವಾರ ಉಳಿದಿತ್ತು.

ಒಂದು ಮಧ್ಯಾಹ್ನ ಫೋನು ಬಂತು. "ಮಗಳು ಗಂಡನ ಹೆಸರು ಇಟ್ಕೊಂಡ್ಲು, ಖರೇ. ಚೊಚ್ಚಲ ಗಂಡು ಹುಟ್ಟಿದ್ರ ಯಾರ ಹೆಸರು ಇಡತಾಳ?"

"ಅವರೇನು ನಮ್ಮ ಹಾಗೆ ತಾತನ ಹೆಸರಿಡ್ತಾರೇನಯ್ಯ? ಅಮೆರಿಕನ್ನರು."

"ಅಪ್ಪನ್ನ ಮರೆಯೋ ಮಗಳು ಯಾವ ದೇಶದಾಗ ಇರತಾಳ, ತೋರಸು."

ಅವನು ಮನೆತನದ ಹೆಸರು ಹುಡುಕುವುದನ್ನೇ ಬಿಟ್ಟ. ಮುಂದಿನ ಗಣತಿಗಳಲ್ಲಿ ಆಮೋಸ್ ಎಂಬ ಹುಡುಗರನ್ನು ಮಾತ್ರ ಹುಡುಕಿದ. ತಾಯಿಯ ಮೊದಲ ಹೆಸರು ಹೊಂದಬೇಕು, ಅವಳು ಹುಟ್ಟಿದ್ದು ಮಿಷಿಗನ್ ಎಂದಿರಬೇಕು. ಮೂರು ವಾರ ಕಣ್ಣು ಕೆಂಪು ಮಾಡಿಕೊಂಡು ಹಾಳೆ ಹಾಳೆ ತಿರುವಿದ. ಸಿಕ್ಕ! ಸಿಕ್ಕಿದ್ದೆಲ್ಲಿ? ನಮ್ಮ ಅರೋರಾದಲ್ಲಿ! ರೈಲ್ವೆ ಕೆಲಸದವನ ಮನೆಯಲ್ಲಿ, ಮೊದಲ ಮಗ ಆಮೋಸ್. ಅಲ್ಲಿಂದ ಮುಂದೆ ಹಳೆಯ ಪತ್ರಿಕೆಗಳ ಶ್ರದ್ಧಾಂಜಲಿ ಹಿಡಿದು ಹೊರಟರೆ, ಆ ಮೊಮ್ಮಗ ಆಮೋಸನ ಮಗಳು ಇವತ್ತಿಗೂ ಬದುಕಿದ್ದಾಳೆ, ನಾನು ವಾರವಾರ ಬಾಲಾಜಿ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲೇ ಅವಳ ಮನೆ.

ಮರುದಿನವೇ ಬಂದಿಳಿದ. ದೇವಸ್ಥಾನದ ಲಾಡು ಹಿಡಿದುಕೊಂಡು ಇಬ್ಬರೂ ಹೋಗಿ ಬೆಲ್ ಒತ್ತಿದೆವು. ಎಪ್ಪತ್ತು ದಾಟಿದ ಹೆಂಗಸು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವಳು. ಬಾಗಿಲನ್ನು ಎರಡು ಇಂಚು ತೆರೆದು, ನಮ್ಮನ್ನು ಮನೆಮನೆ ಸುತ್ತಿ ಮಾರುವವರೋ ಮತ ಸಾರುವವರೋ ಎಂದುಕೊಂಡು, ಸೋಲಾರ್ ಪ್ಯಾನೆಲ್ ಬೇಡ, ದೇವರು ಆಗಲೇ ಒಬ್ಬನಿದ್ದಾನೆ ಎಂದಳು. ಷಡ್ಡಕ ಗಣತಿಯ ಹಾಳೆಯನ್ನು ಆ ಎರಡು ಇಂಚಿನಲ್ಲಿ ತೂರಿಸಿ, ಬೆರಳಿಟ್ಟು ತೋರಿಸಿದ. ಅವಳು ಕನ್ನಡಕ ತಂದು ಓದಿದಳು. ಬಾಗಿಲು ಪೂರ್ತಿ ತೆರೆಯಿತು. ಆಮೋಸ್ ಎಂಬ ಹೆಸರಿಗಾಗಿ ಅವಳಪ್ಪನನ್ನು ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರಂತೆ, ಅದು ಎಲ್ಲಿಂದ ಬಂತೆಂದು ಅವನಿಗೇ ಗೊತ್ತಿರಲಿಲ್ಲವಂತೆ. ಸಹಿ ಮಾಡಿದಳು. ಅರ್ಧ ಲಾಡು ತಿಂದು, ಉಳಿದರ್ಧ ಕರವಸ್ತ್ರದಲ್ಲಿ ಸುತ್ತಿಟ್ಟಳು.

ಸಭೆಗೆ ನಾನೂ ಹೋಗಿದ್ದೆ, ಜಗಳವಾದರೆ ತಪ್ಪಿಸಿಕೊಳ್ಳಬಾರದಲ್ಲ! ಅಧ್ಯಕ್ಷರು ಸಹಿ ನೋಡಿದರು, ತಿರುಗಿಸಿ ನೋಡಿದರು. ಕೊನೆಗೆ ಒಂದು ತಿದ್ದುಪಡಿ ತಂದರು: 'ಕೂಲಿ' ಎಂದರೆ ಚೆನ್ನಾಗಿ ಕಾಣುವುದಿಲ್ಲ, 'ನೆರವಾದವರು' ಎನ್ನೋಣ. ಷಡ್ಡಕ ಎದ್ದು ನಿಂತ. ಅವನು ನೆರವಾಗಲಿಲ್ಲ, ದುಡಿದ, ದಾಖಲೆಯಲ್ಲಿರುವುದೇ ಕಂಚಿನಲ್ಲೂ ಇರಬೇಕು ಎಂದ. ಅಷ್ಟಕ್ಕೂ ಅವನು ನಿಮಗೇನಾಗಬೇಕು ಎಂದು ಅಧ್ಯಕ್ಷರು ಕೇಳಿದರು. "ನೆರೆಯವನು. ನನಗಿಂತ ಮೊದಲೇ ಇಲ್ಲಿಗೆ ಬಂದವನು" ಎಂದು ಕೂತ. ಎರಡು ಮತದಿಂದ ಗೆದ್ದೆವು. ಗೆದ್ದೆವು ಎಂದರೆ, ಚಪ್ಪಾಳೆ ಶುರುಮಾಡಿದ್ದು ನಾನು.

ಫಲಕ ನಿಂತ ದಿನ ನೋವೈನಲ್ಲಿ ಮೂವತ್ತೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟಲು ಮೂರೇ ಡಿಗ್ರಿ ಬಾಕಿಯಿದ್ದ ಚಳಿ. ನೋಡಿಕೊಂಡು ಮನೆಗೆ ಬಂದು ಕಾಫಿ ಕುಡಿಯುತ್ತಿದ್ದೆವು. ಷಡ್ಡಕ ಫೈಲಿನಿಂದ ನನ್ನ ಖೋಟಾ ಹಾಳೆ ತೆಗೆದು ಟೇಬಲ್ ಮೇಲಿಟ್ಟ. ಬಂತು ಎಂದುಕೊಂಡೆ.

"ಇದನ್ನ ಮೊದಲನೇ ದಿನಾನ ನೋಡೇನಿ. ಡಿಕಾಕ್ಷನ್ ವಾಸನಿ ಬರ್ತಿತ್ತು" ಎಂದ. ಹಾಳೆಯನ್ನು ನನ್ನ ಕಡೆ ಸರಿಸಿ, "ಇಂಥಾದ್ದ ಇನ್ನೊಂದು ಬರದು ಕೊಡ್ತಿಯೇನು?"

"ಯಾರಿಗೆ?"

"ನಮ್ಮ ಅಜ್ಜಗ."

ಅವನ ಅಜ್ಜ ಗೌಡರ ಹೊಲದಲ್ಲಿ ಕೂಲಿಯಾಗಿದ್ದರೆಂದು ನಲವತ್ತು ವರ್ಷದ ನೆಂಟಸ್ತನದಲ್ಲಿ ನನಗೆ ಗೊತ್ತಾದದ್ದು ಆಗಲೇ. "ನಮ್ಮ ಕಡೆನೂ ಎಣಿಸ್ಯಾರ. ಎಲ್ಲೋ ಒಂದು ಅಂಕಿಯೊಳಗ ಅಜ್ಜ ಅದಾನ. ಹೆಸರಿರೋ ಹಾಳಿ ಮಾತ್ರ ನಮಗ ಯಾರೂ ತೋರಸಂಗಿಲ್ಲ" ಎಂದ. ಡಿಕಾಕ್ಷನ್ ಬೇಡ, ಹಳೆಯದು ಮಾಡಬೇಡ, ಹೊಸ ಹಾಳೆಯ ಮೇಲೇ ಇರಲಿ ಎಂದ.

ಗೆರೆ ಎಳೆದೆ. ಯಜಮಾನನ ಹೆಸರು ಕೇಳಬೇಕಾಗಲಿಲ್ಲ. ಮೊಮ್ಮಗನಾದ ಷಡ್ಡಕನಿಗೆ ಇಟ್ಟದ್ದೇ ಅದನ್ನು, ಇಷ್ಟು ವರ್ಷ ನಾನು ಗೇಲಿ ಮಾಡಲು ಕೂಗುತ್ತಿದ್ದದ್ದೂ ಅದನ್ನೇ. ಕಸುಬು: ಹೊಲದ ಕೂಲಿ. ಓದಲು: ಇಲ್ಲ. ಬರೆಯಲು: ಇಲ್ಲ. ಎರಡನೆಯ ಗೆರೆ, ಹೆಂಡತಿ. ಹೆಸರು?

ಅವನು ಕಿಟಕಿಯ ಕಡೆ ನೋಡಿದ. "ಅಜ್ಜ 'ಏ ಇಕಿನ' ಅಂತಿದ್ದ. ಅಪ್ಪ ಯವ್ವಾ ಅಂತಿದ್ದ. ನಾವು ಆಯಿ. ಗೌಡರ ಮನಿಯವರು 'ಅವನ ಹೇಣ್ತಿ' ಅಂತಿದ್ರು. ಊರಿಗೆ ಫೋನ್ ಮಾಡಿ ಎಲ್ಲಾರ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ."

ನಾನು ಹುಟ್ಟು ಸುಳ್ಳುಗಾರ. ಗೌರವ್ವ ಎಂದು ಬರೆಯಲೇ, ಯಾರು ಕೇಳುತ್ತಾರೆ ಎಂದೆ.

"ಬ್ಯಾಡ. ಗೊತ್ತಿಲ್ಲದ್ದು ಬರೀಬ್ಯಾಡ. ಖಾಲಿ ಬಿಡು."

ಬಿಟ್ಟೆ. ಪೆನ್ನು ಸರಿಸಿ ಕಸುಬಿನ ಕಾಲಮ್ಮಿಗೆ ಬಂದೆ.

"ಅಲ್ಲಿ ಏನೂ ಇಲ್ಲ ಅಂತ ಬರದಿ ಅಂದ್ರ ನಿನ್ನ ಕೈ ಮುರೀತೀನಿ" ಎಂದ. ಆಮೇಲೆ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಜೋಳ ಕೊಯ್ಯುವುದು, ರಾಶಿ ತೂರುವುದು, ಗೌಡರ ದನಗಳ ಸೆಗಣಿ ಬಾಚುವುದು, ಕುಳ್ಳು ಬಡಿಯುವುದು, ಎರಡು ಮೈಲಿಯಿಂದ ನೀರು ಹೊರುವುದು, ಹತ್ತು ಜನಕ್ಕೆ ರೊಟ್ಟಿ ಬಡಿಯುವುದು, ಐದು ಹೆರಿಗೆ, ಎರಡು ಸಾವು. ಒಳಗಿನಿಂದ ಪಾತ್ರೆಯ ಸದ್ದು ನಿಂತಿತ್ತು, ನಾದಿನಿ ಬಂದು ಬಾಗಿಲಿಗೆ ಒರಗಿ ನಿಂತಿದ್ದಳು. ಅಕ್ಷರ ಕಾಲಮ್ಮು ದಾಟಿ ಪಕ್ಕದ ಕಾಲಮ್ಮಿಗೆ ನುಗ್ಗಿತು, ಅಲ್ಲಿಂದ ಅಂಚಿಗೆ, ಅಂಚಿನಿಂದ ತಿರುಗಿ ಮೇಲಕ್ಕೆ. ಬರೆಯಲು ಜಾಗವಿಲ್ಲ ಎಂದೆ.

"ಇನ್ನೊಂದು ಹಾಳಿ ತಗೋ" ಎಂದ.