ಅಭಿಜಿತನಿಗೆ ಬೇಕಾಗಿದ್ದ ಮೂರು ಲೋಪಗಳು

ಕಳೆದ ಮೇ ತಿಂಗಳ ಹನ್ನೆರಡನೆಯ ತಾರೀಕು, ಸೋಮವಾರ, ಸ್ವೀಡನ್ನಿನ ನಾರ್‌ಶೋಪಿಂಗ್ ಕ್ಯಾಂಪಸ್‌ನ ಅಮೆರಿಕನ್ ಫುಟ್ಬಾಲ್ ತಂಡದ ಲೈನ್‌ಮನ್ ಅಭಿಜಿತ್ ಇಡೀ ಋತುವಿನಲ್ಲಿ ಒಂದೇ ಒಂದು ತಪ್ಪನ್ನೂ ಮಾಡಿಲ್ಲವಾದ ಕಾರಣ, ಆತನ ಯೋಗ್ಯತೆಯನ್ನು ಅಳೆಯಲು ಯಾವುದೇ ಆಧಾರ ಲಭ್ಯವಿಲ್ಲವೆಂದು ಪ್ರಾದೇಶಿಕ ಮೌಲ್ಯಮಾಪನ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಆ ಸಮಿತಿಯ ಕಾರ್ಯದರ್ಶಿ ನಾನು. ನಡಾವಳಿ ಬರೆದವನೂ ನಾನೇ, ಚೆನ್ನಾಗಿಯೇ ಬರೆದಿದ್ದೇನೆ.

ನನ್ನ ಹೆಸರು ವೆಂಕಟೇಶ. ಏಳು ವರ್ಷದಿಂದ ಈ ಊರಿನ ಒಂದು ಸಾಗಾಟದ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರ ತಪ್ಪು ಹುಡುಕಿ ಪಟ್ಟಿ ಮಾಡುವುದು ನನ್ನ ಹೊಟ್ಟೆಪಾಡು. ಫುಟ್ಬಾಲಿಗೂ ನನಗೂ ಯಾವ ಸಂಬಂಧವೂ ಇರಲಿಲ್ಲ. ಒಂದು ದಿನ ಅಭಿಜಿತ್ ಕರೆದನೆಂದು ಪ್ರಾದೇಶಿಕ ಕ್ರೀಡಾಸಂಘದ ಸಭೆಗೆ ಹೋಗಿ, ಫೀಕಾಕ್ಕೆ, ಅಂದರೆ ಕಾಫಿ ವಿರಾಮಕ್ಕೆ, ಇಟ್ಟಿದ್ದ ದಾಲ್ಚಿನ್ನಿ ಬನ್ನು ಬಾಯಿಗೆ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಅಧ್ಯಕ್ಷೆ ಗುನಿಲ್ಲಾ, "ಎಕ್ಸೆಲ್ ಬಲ್ಲವರು ಯಾರಾದರೂ ಇದ್ದಾರೆಯೇ?" ಎಂದು ನನ್ನ ಕಡೆಗೇ ನೋಡಿದರು. ಬಾಯಿ ತುಂಬ ಬನ್ನು ಇದ್ದುದರಿಂದ ನನಗೆ ಇಲ್ಲವೆನ್ನಲಾಗಲಿಲ್ಲ. ಇಲ್ಲಿನ ಸಭೆಗಳಲ್ಲಿ ಬೇಡವೆನ್ನದಿದ್ದರೆ ಒಪ್ಪಿದಂತೆ. ಗುನಿಲ್ಲಾ ಮೇಜಿನ ಮೇಲೆ ಮರದ ಸುತ್ತಿಗೆ ಕುಟ್ಟಿದರು, ನಾನು ಕಾರ್ಯದರ್ಶಿಯಾದೆ.

ಸಮಿತಿಗೆ ಮೂವರು ಸದಸ್ಯರು. ಗುನಿಲ್ಲಾ, ನಾನು ಮತ್ತು ಎರಡು ವರ್ಷದಿಂದ ಖಾಲಿ ಇರುವ ಒಂದು ಕುರ್ಚಿ. ಆ ಕುರ್ಚಿ ಈವರೆಗೆ ಯಾವ ನಿರ್ಣಯವನ್ನೂ ವಿರೋಧಿಸಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಅಮೆರಿಕನ್ ಫುಟ್ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬೊಬ್ಬ ಚೆಂಡು ಹಿಡಿದು, ಯಾರಿಗೆ ಎಸೆಯಲಿ ಎಂದು ಯೋಚಿಸುತ್ತ ನಿಲ್ಲುತ್ತಾನೆ. ಅವನು ಯೋಚಿಸುವಾಗ ಎದುರಾಳಿ ದಾಂಡಿಗರು ಅವನನ್ನು ಕೆಡವಲು ನುಗ್ಗುತ್ತಾರೆ. ಅವರಿಗೆ ಅಡ್ಡವಾಗಿ ಐದು ಜನ ಭಾರೀ ಆಳುಗಳು ನಿಲ್ಲುತ್ತಾರೆ. ಇವರೇ ಲೈನ್‌ಮನ್‌ಗಳು. ಇವರು ಗೋಲು ಹೊಡೆಯುವುದಿಲ್ಲ, ಓಡುವುದಿಲ್ಲ, ಪೇಪರಿನಲ್ಲಿ ಇವರ ಫೋಟೋ ಬರುವುದಿಲ್ಲ. ಇವರು ಕೆಲಸ ಸರಿಯಾಗಿ ಮಾಡಿದಾಗ ನಡೆಯುವುದೇನೆಂದರೆ, ಏನೂ ನಡೆಯುವುದಿಲ್ಲ.

ಅಭಿಜಿತ್ ಮೈಸೂರಿನ ನಜರಬಾದಿನವನು. ಚಿಕ್ಕಂದಿನಲ್ಲಿ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದವನು, ಈಗ ನೂರ ಇಪ್ಪತ್ತೆಂಟು ಕೆಜಿ. ಇಲ್ಲಿ ಎಂ.ಎಸ್ಸಿ. ಓದಲು ಬಂದವನನ್ನು ಕ್ಯಾಂಪಸ್ ತಂಡದವರು ಬಾಗಿಲಲ್ಲೇ ಹಿಡಿದುಕೊಂಡರು. ಅವನ ಬೆನ್ನ ಹಿಂದೆ ನಿಲ್ಲುವ ಕ್ವಾರ್ಟರ್‌ಬ್ಯಾಕ್ ಲೂಡ್ವಿಗ್, ಸಣಕಲು ಹುಡುಗ, ಆಟದ ನಡುವೆ ರಾತ್ರಿ ಊಟಕ್ಕೆ ಏನು ಮಾಡಲಿ ಎಂದು ಯೋಚಿಸಲೂ ತನಗೆ ಪುರುಸೊತ್ತು ಸಿಗುತ್ತದೆ ಎನ್ನುತ್ತಿದ್ದ. ಹತ್ತು ಪಂದ್ಯಗಳಲ್ಲಿ ಲೂಡ್ವಿಗ್ ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. ಅವನ ಬಿಳಿ ಪ್ಯಾಂಟನ್ನು ಅಭ್ಯಾಸಬಲದಿಂದಷ್ಟೇ ಒಗೆಯಲಾಗುತ್ತಿತ್ತು.

ಪ್ರತಿ ಜೂನ್‌ನಲ್ಲಿ ವೃತ್ತಿಪರ ಲೀಗಿನ ಆರು ತಂಡಗಳು ಕಾಲೇಜು ಆಟಗಾರರಲ್ಲಿ ತಮಗೆ ಬೇಕಾದವರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಮಿಡ್‌ಸಮ್ಮರ್ ಹಬ್ಬದೊಳಗೆ ಇದು ಮುಗಿಯಲೇಬೇಕು, ಎಲ್ಲರೂ ರಜೆಯಲ್ಲಿರುವ ಜುಲೈಯಲ್ಲಿ ಈ ದೇಶದಲ್ಲಿ ಯಾರೂ ಇ-ಮೇಲ್ ತೆರೆಯುವುದಿಲ್ಲ. ತಂಡಗಳಿಗೆ ಆಟಗಾರರ ಕಡತ ಕಳಿಸುವುದು ನಮ್ಮ ಸಮಿತಿಯ ಹೊಣೆ.

ಕಡತವೆಂದರೆ ಲೋಪ ವರದಿಗಳ ಕಟ್ಟು. ಗುನಿಲ್ಲಾ ಇಪ್ಪತ್ತೆರಡು ವರ್ಷ ಶಿಶುವಿಹಾರಗಳಲ್ಲಿ, ಅಂದರೆ ಇಲ್ಲಿನ ಡಾಗಿಸ್‌ಗಳಲ್ಲಿ ಗುಣಮಟ್ಟದ ಉಸ್ತುವಾರಿ ನೋಡಿಕೊಂಡವರು. ನಿವೃತ್ತರಾಗುವಾಗ ಅಲ್ಲಿನ ಫಾರಂ ಒಂದನ್ನು ಪ್ರೀತಿಯಿಂದ ಜೊತೆಗೆ ತಂದಿದ್ದರು. "ಮಗು ಬಿದ್ದಿತೆ? ಬಿದ್ದಾಗ ಹತ್ತಿರ ಯಾರಿದ್ದರು? ಮತ್ತೆ ಬೀಳದಂತೆ ಏನು ಕ್ರಮ ಕೈಗೊಳ್ಳಲಾಗಿದೆ?" ಎಂಬ ಮೂರು ಪ್ರಶ್ನೆಗಳಲ್ಲಿ 'ಮಗು' ಎಂಬುದನ್ನು ಹೊಡೆದು 'ಕ್ವಾರ್ಟರ್‌ಬ್ಯಾಕ್' ಎಂದು ಬರೆದೆವು. ಬೇರೇನೂ ಬದಲಿಸುವ ಅಗತ್ಯ ಕಾಣಲಿಲ್ಲ.

ಪದ್ಧತಿ ಸೊಗಸಾಗಿ ನಡೆಯುತ್ತಿತ್ತು. ಪಕ್ಕದ ಊರಿನ ಕಾಲೇಜಿನಲ್ಲಿ ಮೋನ್ಸ್ ಎಂಬ ಲೈನ್‌ಮನ್ ಇದ್ದ. ಅವನು ಕಾಯುತ್ತಿದ್ದ ಕ್ವಾರ್ಟರ್‌ಬ್ಯಾಕ್ ಮೊದಲ ಪಂದ್ಯದಲ್ಲಿ ಒಂಬತ್ತು ಸಲ ಬಿದ್ದ, ಕೊನೆಯ ಪಂದ್ಯದಲ್ಲಿ ಎರಡೇ ಸಲ. ನಡುವೆ ಒಬ್ಬ ಕ್ವಾರ್ಟರ್‌ಬ್ಯಾಕ್ ಊರು ಬಿಟ್ಟು ಹೋದ, ಅದು ಬೇರೆ ವಿಷಯ. ಮೋನ್ಸ್‌ನ ಮೂವತ್ತೊಂದು ವರದಿಗಳನ್ನು ಎಕ್ಸೆಲ್‌ಗೆ ಹಾಕಿ ಗ್ರಾಫ್ ತೆಗೆದರೆ ಕಣ್ಣಿಗೆ ಹಬ್ಬ. "ಎಂಥ ಪ್ರಗತಿ!" ಎಂದು ಗುನಿಲ್ಲಾ ಕನ್ನಡಕ ತೆಗೆದು ಒರೆಸಿಕೊಂಡರು. ಅಭಿಜಿತನ ಹೆಸರಿನ ಮುಂದೆ ಗ್ರಾಫ್ ಕೇಳಿದಾಗ ಎಕ್ಸೆಲ್ ಬರೀ ಬಿಳಿ ಚೌಕ ತೋರಿಸಿತು. ಅವನ ಫೈಲಿನಲ್ಲಿದ್ದುದು ಒಂದೇ ಹಾಳೆ, ಅದು ರಟ್ಟು.

ನಿರ್ಣಯವಾದ ಮುಂದಿನ ಭಾನುವಾರ ಅಭಿಜಿತ್ ನಮ್ಮ ಮನೆಗೆ ಬಂದ. ಜೊತೆಗೆ ಹೆಂಡತಿ ನವ್ಯಾ, ನಾಲ್ಕು ವರ್ಷದ ಮಗಳು ನೈನಾ. ನನ್ನ ಹೆಂಡತಿ ಪದ್ಮಿನಿ ಉಪ್ಪಿಟ್ಟು ಮಾಡಿದ್ದಳು. ಅಭಿಜಿತ್ ತಟ್ಟೆ ಮುಟ್ಟಲಿಲ್ಲ, ಹಾಗಾಗಿ ವಿಷಯ ಗಂಭೀರವೆಂದು ನನಗೆ ತಿಳಿಯಿತು.

"ಸರ್, ಆಗಸ್ಟ್ ಮೂವತ್ತೊಂದಕ್ಕೆ ನನ್ನ ಸ್ಟೂಡೆಂಟ್ ಪರ್ಮಿಟ್ ಮುಗಿಯುತ್ತೆ," ಎಂದ. "ಎಂಬತ್ತು ಕಡೆ ಅಪ್ಲೈ ಮಾಡ್ದೆ, ಕೆಲಸ ಸಿಗ್ಲಿಲ್ಲ. ಡ್ರಾಫ್ಟ್‌ನಲ್ಲಿ ಯಾವ್ದಾದ್ರೂ ಟೀಮ್ ತಗೊಂಡ್ರೆ ಎರಡು ವರ್ಷ ಕಾಂಟ್ರ್ಯಾಕ್ಟ್, ಅದ್ರ ಮೇಲೆ ಪರ್ಮಿಟ್. ಇಲ್ಲಾಂದ್ರೆ ಮೂರೂ ಜನ ಗಂಟುಮೂಟೆ ಕಟ್ಟೋದೇ."

"ನಮ್ದು ಬಿಡಿ," ಎಂದಳು ನವ್ಯಾ. "ಇವಳು ಮಾತು ಕಲಿತಿದ್ದೇ ಇಲ್ಲಿ ಸರ್. ಕನ್ನಡದಲ್ಲಿ ಕೇಳಿದ್ರೆ ಸ್ವೀಡಿಷ್‌ನಲ್ಲಿ ಆನ್ಸರ್ ಮಾಡ್ತಾಳೆ. ಡಾಗಿಸ್‌ನಲ್ಲಿ ಅವಳ ಫ್ರೆಂಡ್ಸು, ಅಲ್ಲಿ ಅವಳ ಹೆಸರಿನ ಮೊಳೆಗೆ ನೇತುಹಾಕಿರೋ ಜಾಕೆಟ್ಟು... ಅವಳಿಗೆ ಹೇಗೆ ಹೇಳ್ಲಿ?"

"ಅಲ್ಲ ಕಣ್ರೀ," ಪದ್ಮಿನಿ ನನ್ನ ಕಡೆ ತಿರುಗಿದಳು, "ಅವ್ನು ಒಂದು ಸಲಾನೂ ಆ ಹುಡುಗನ್ನ ಬೀಳೋಕೆ ಬಿಡ್ಲಿಲ್ಲ ಅನ್ನೋದೇ ಪ್ರೂಫ್ ಅಲ್ವಾ? ಬೀಳೋಕೆ ಬಿಟ್ಟವನಿಗೆ ಫಸ್ಟ್ ರ‍್ಯಾಂಕು, ಇವ್ನಿಗೆ ಪೇಪರೇ ಇಲ್ಲ ಅಂದ್ರೆ ಏನ್ರೀ ಇದು?"

"ಬಿದ್ದಿಲ್ಲ ಅನ್ನೋದಕ್ಕೆ ಕಾಲಂ ಇಲ್ಲ ಕಣೇ," ಎಂದೆ. ಪದ್ಮಿನಿ ನನಗೆ ಎರಡನೇ ಸಲ ಉಪ್ಪಿಟ್ಟು ಬಡಿಸಲಿಲ್ಲ.

ನಾನು ಕಲ್ಲುಮನಸ್ಸಿನವನಲ್ಲ. ಮರುದಿನವೇ ಮರುಪರಿಶೀಲನೆಯ ಅರ್ಜಿಯನ್ನು ಅಭಿಜಿತನಿಂದ ಬರೆಸಿ, ಅದನ್ನು ನಾನೇ ಸ್ವೀಕರಿಸಿ, ತುರ್ತುಸಭೆ ಕರೆದೆ. ಅಭಿಜಿತನೂ ಲೂಡ್ವಿಗ್‌ನೂ ಹಾಜರಿದ್ದರು. ಗುನಿಲ್ಲಾ ನಿಜಕ್ಕೂ ಕರುಣಾಳು ಹೆಂಗಸು. ತಾವೇ ಬೇಯಿಸಿದ ಕೇಕನ್ನು ಎಲ್ಲರಿಗೂ ಹಂಚಿ, ಅಭಿಜಿತನ ಕೈಹಿಡಿದು, ಮೆಲ್ಲಗೆ ಹೇಳಿದರು:

"ನೀನು ಕೆಟ್ಟವನೆಂದು ಯಾರೂ ಹೇಳುತ್ತಿಲ್ಲ, ಅಭಿಜಿತ್. ನಿನ್ನ ಬೆಳವಣಿಗೆ ಇನ್ನೂ ಆರಂಭವೇ ಆಗಿಲ್ಲ ಎನ್ನುತ್ತಿದ್ದೇವೆ. ಏಳನೆಯ ನಿಯಮದ ಪ್ರಕಾರ ಕಡತಕ್ಕೆ ಕನಿಷ್ಠ ಮೂರು ಲೋಪಗಳು ಬೇಕು. ಋತು ಮುಗಿದರೂ ಶನಿವಾರ ಒಂದು ಸ್ನೇಹಪಂದ್ಯವಿದೆಯಲ್ಲ?"

ಅಭಿಜಿತ್ ಕಣ್ಣು ಕಣ್ಣು ಬಿಟ್ಟ. "ಅಂದರೆ ನಾನು ಬೇಕೆಂದೇ ದಾರಿ ಬಿಡಬೇಕೆ?"

"ಬೇಕೆಂದು ಎನ್ನುವ ಪದ ನಡಾವಳಿಯಲ್ಲಿ ಬರುವುದಿಲ್ಲ," ಎಂದು ಗುನಿಲ್ಲಾ ನನ್ನ ಕಡೆ ನೋಡಿದರು. ನಾನು ಆ ಪದವನ್ನು ಬರೆಯಲಿಲ್ಲ.

ಬೀಳಬೇಕಾದವನನ್ನು ಕೇಳದೆ ಇಲ್ಲಿ ಯಾರನ್ನೂ ಬೀಳಿಸುವಂತಿಲ್ಲ. ಆದ್ದರಿಂದ ಲೂಡ್ವಿಗ್‌ನ ಅಭಿಪ್ರಾಯ ಕೇಳಲಾಯಿತು. ಅವನು ಅಭಿಜಿತನ ಮುಖ ನೋಡಿ, "ಮೂರೇ ತಾನೇ? ಪರವಾಗಿಲ್ಲ. ನೈನಾಳ ಹುಟ್ಟುಹಬ್ಬಕ್ಕೆ ನನ್ನನ್ನು ಕರೆಯಬೇಕು, ಅಷ್ಟೆ," ಎಂದ. ಅಪಾಯದ ಅಂದಾಜುಪಟ್ಟಿ, ಒಪ್ಪಿಗೆಪತ್ರ, ಬೀಳುವ ಜಾಗದಲ್ಲಿ ಹುಲ್ಲು ಒದ್ದೆಯಾಗಿರಬಾರದೆಂಬ ಷರತ್ತು, ಎಲ್ಲಕ್ಕೂ ಅವನು ಸಹಿ ಮಾಡಿದ. ಸುತ್ತಿಗೆ ಬಿತ್ತು. ಅಭಿಜಿತ್ ಮಾತ್ರ ಹೊರಗೆ ಹೋಗಿ ಸೈಕಲ್ ಸ್ಟ್ಯಾಂಡಿನ ಹತ್ತಿರ ತುಂಬ ಹೊತ್ತು ನಿಂತಿದ್ದ.

ಶನಿವಾರ ಬಿಸಿಲಿತ್ತು. ನಾನು ಮೈದಾನದ ಗೆರೆಯ ಪಕ್ಕ ಮಡಚುವ ಮೇಜು ಹಾಕಿಕೊಂಡು ಮೂರು ಖಾಲಿ ಫಾರಂಗಳನ್ನು ಗಾಳಿಗೆ ಹಾರದಂತೆ ಥರ್ಮಾಸ್ ಕೆಳಗಿಟ್ಟು ಕೂತೆ. ಪ್ರೇಕ್ಷಕರ ಮೆಟ್ಟಿಲ ಮೇಲೆ ನವ್ಯಾ, ತೊಡೆಯ ಮೇಲೆ ನೈನಾ.

ಮೊದಲ ಅರ್ಧದಲ್ಲಿ ಏನೂ ಆಗಲಿಲ್ಲ. ಎದುರಾಳಿ ನುಗ್ಗಿ ಬರುವಾಗ ಅಭಿಜಿತ್ ಪಕ್ಕಕ್ಕೆ ಸರಿಯುತ್ತಿದ್ದ, ಆದರೆ ಆ ಎದುರಾಳಿ ದಾಟುವ ಹೊತ್ತಿಗೆ ಅಭಿಜಿತನ ಕೈ ತಾನಾಗಿಯೇ ಹೊರಟು ಅವನ ಎದೆ ಹಿಡಿದು ನಿಲ್ಲಿಸುತ್ತಿತ್ತು. ಹೀಗೆ ಏಳು ಸಲ. ವಿರಾಮದಲ್ಲಿ ನನ್ನ ಮೇಜಿನ ಹತ್ತಿರ ಬಂದವನ ಮುಖದಲ್ಲಿ ಬೆವರಿನ ಜೊತೆ ಕಣ್ಣೀರೂ ಇತ್ತು.

"ಆಗ್ತಿಲ್ಲ ಸರ್. ಹಿಂದೆ ಲೂಡ್ವಿಗ್ ಇದಾನೆ ಅನ್ನೋದು ಬೆನ್ನಿಗೇ ಗೊತ್ತಾಗುತ್ತೆ."

"ಟ್ರೈ ಮಾಡಪ್ಪ," ಎಂದೆ. "ಕೈ ಬೆಲ್ಟ್‌ನಲ್ಲಿ ಸಿಕ್ಕಿಸ್ಕೊ."

ಈ ಸಲಹೆ ಕೊಟ್ಟವನು ನಾನು ಎಂಬುದನ್ನು ಮುಚ್ಚಿಡುವುದಿಲ್ಲ. ಅವನು ಕೈಗಳನ್ನು ಬೆಲ್ಟಿಗೆ ಸಿಕ್ಕಿಸಿಕೊಂಡ. ಎರಡನೇ ಅರ್ಧದಲ್ಲಿ ಲೂಡ್ವಿಗ್ ಒಮ್ಮೆ ಬಿದ್ದ, ಎದ್ದು ನಕ್ಕ. ಎರಡನೇ ಸಲ ಬಿದ್ದ, ಎದ್ದ, ನಗಲಿಲ್ಲ. ಮೂರನೇ ಸಲ ಬಿದ್ದಾಗ ಒಣಕಟ್ಟಿಗೆ ಮುರಿದಂಥ ಸದ್ದು ನನ್ನ ಮೇಜಿನವರೆಗೂ ಕೇಳಿಸಿತು. ಕೊರಳೆಲುಬು ಎರಡು ತುಂಡಾಗಿತ್ತು. ಸ್ಟ್ರೆಚರ್ ಬರುವ ಮೊದಲೇ ಅಭಿಜಿತ್ ಅವನನ್ನು ಮಗುವಿನಂತೆ ಎತ್ತಿಕೊಂಡು ಮೈದಾನ ದಾಟಿದ.

ಮೆಟ್ಟಿಲ ಮೇಲಿಂದ ನೈನಾಳ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. "ವರ್‌ಫೋರ್?" ಎಂದು ಕೇಳುತ್ತಿದ್ದಳು, ಯಾಕೆ, ಅಪ್ಪ ಯಾಕೆ ದಾರಿ ಬಿಟ್ಟ?

"ಅಪ್ಪನ ಆಫೀಸ್ ಕೆಲಸ ಪುಟ್ಟಾ," ಎಂದಳು ನವ್ಯಾ.

ನನಗೆ ನಾಚಿಕೆಯಾಯಿತು. ನಾಚಿಕೆಪಡುತ್ತಲೇ ಮೂರು ಫಾರಂಗಳನ್ನೂ ತುಂಬಿದೆ. ಬಿದ್ದಾಗ ಹತ್ತಿರ ಯಾರಿದ್ದರು? ಅಭಿಜಿತ್. ಮತ್ತೆ ಬೀಳದಂತೆ ಏನು ಕ್ರಮ? 'ಕ್ವಾರ್ಟರ್‌ಬ್ಯಾಕ್ ಸದ್ಯ ನಿಲ್ಲುವ ಸ್ಥಿತಿಯಲ್ಲಿಲ್ಲ.'

ಕಡತ ಈಗ ಪರಿಪೂರ್ಣವಾಗಿತ್ತು. ಸಮಿತಿಯ ಷರಾ ಹೀಗಿದೆ: 'ಆಟಗಾರನು ತಡವಾಗಿಯಾದರೂ ಬೆಳವಣಿಗೆಯ ಹಾದಿಗೆ ಬಂದಿದ್ದಾನೆ. ಒಂದೇ ಮಧ್ಯಾಹ್ನದಲ್ಲಿ ತೋರಿದ ವೇಗ ಗಮನಾರ್ಹ.' ಜೂನ್ ಹದಿನೇಳರ ಡ್ರಾಫ್ಟ್‌ನಲ್ಲಿ ಮೋನ್ಸ್ ಮೊದಲಿಗನಾಗಿ ಆಯ್ಕೆಯಾದ. ಯೋನ್‌ಶೋಪಿಂಗ್‌ನ ಗ್ರಾನಿಟ್ ಎಂಬ ವೃತ್ತಿಪರ ತಂಡ ಹನ್ನೊಂದನೆಯವನಾಗಿ ಅಭಿಜಿತನನ್ನು ಆರಿಸಿತು. ಎರಡು ವರ್ಷದ ಕರಾರಾಯಿತು. ಆಗಸ್ಟ್ ಮೊದಲ ವಾರ ಪರ್ಮಿಟ್ಟೂ ಬಂತು. ನವ್ಯಾ ಫೋನಿನಲ್ಲಿ ಪದ್ಮಿನಿಯ ಹತ್ತಿರ ಅತ್ತಳು, ಪದ್ಮಿನಿಯೂ ಅತ್ತಳು. ಹುಟ್ಟುಹಬ್ಬಕ್ಕೆ ಲೂಡ್ವಿಗ್ ಬಂದಿದ್ದ. ಕೈ ಜೋಳಿಗೆಯಲ್ಲಿತ್ತು, ಕೇಕನ್ನು ಅಭಿಜಿತ್ ಕತ್ತರಿಸಿ ತಿನ್ನಿಸಿದ.

ಗ್ರಾನಿಟ್ ತಂಡದವರು ನಮ್ಮ ಫಾರಂ ನೋಡಿ ಬಹಳ ಮೆಚ್ಚಿಕೊಂಡು ತಾವೂ ಜಾರಿಗೆ ತಂದರು. ವೃತ್ತಿಪರರಾದ್ದರಿಂದ, ಪ್ರತಿ ಲೈನ್‌ಮನ್‌ಗೆ ಋತುವಿಗೆ ಮೂರಲ್ಲ, ಪಂದ್ಯಕ್ಕೆ ಮೂರು ಲೋಪ ಎಂದು ಕರಾರಿನಲ್ಲೇ ಸೇರಿಸಿದರು. ಲೋಪವಿಲ್ಲದವರ ಕರಾರು ನವೀಕರಣವಾಗುವುದಿಲ್ಲ.

ಆಗಸ್ಟ್ ಮೂವತ್ತರಂದು ಅವರ ಮೊದಲ ಪಂದ್ಯ. ನಾನೂ ಗುನಿಲ್ಲಾರೂ ಅತಿಥಿಗಳಾಗಿ ರೈಲಿನಲ್ಲಿ ಹೋದೆವು. ಆಟಕ್ಕೆ ಮೊದಲು ಅಭಿಜಿತ್ ಸಿಕ್ಕಿದ. ಮುಖ ತುಂಬಿಕೊಂಡಿತ್ತು, ಒಳ್ಳೆಯ ಬೂಟು ಹಾಕಿದ್ದ.

"ಈಗ ಹೇಗಪ್ಪ? ಕಷ್ಟ ಆಗುತ್ತಾ?" ಎಂದೆ.

"ಇಲ್ಲ ಸರ್, ಸಿಸ್ಟಮ್ ಇದೆ. ಮೊದಲ ಹತ್ತು ನಿಮಿಷದಲ್ಲೇ ಮೂರೂ ಮುಗಿಸಿಬಿಡ್ತೀನಿ. ಆಮೇಲೆ ಆರಾಮಾಗಿ ಆಡಬಹುದು."

ಹೇಳಿದಂತೆಯೇ ಮಾಡಿದ. ಆಟ ಶುರುವಾಗಿ ಎರಡನೇ ನಿಮಿಷಕ್ಕೆ ಒಂದು ಹೆಜ್ಜೆ ಎಡಕ್ಕೆ ಸರಿದ, ಆರನೇ ನಿಮಿಷಕ್ಕೆ ಇನ್ನೊಂದು ಸಲ. ಅವನ ಕೈಗಳು ಈಗ ಬೆಲ್ಟಿನ ಅಗತ್ಯವಿಲ್ಲದೆ ಸುಮ್ಮನೆ ಪಕ್ಕದಲ್ಲಿ ಇಳಿಬಿದ್ದಿದ್ದವು. ಒಂಬತ್ತನೇ ನಿಮಿಷಕ್ಕೆ ಮತ್ತೆ ಸರಿದ. ಗ್ರಾನಿಟ್‌ನ ಕ್ವಾರ್ಟರ್‌ಬ್ಯಾಕ್ ತೂರೆ ಅನುಭವಸ್ಥ. ಎದುರಾಳಿ ಇನ್ನೂ ನಾಲ್ಕು ಮಾರು ದೂರವಿರುವಾಗಲೇ ಅವನು ಚೆಂಡನ್ನು ಪಕ್ಕಕ್ಕಿಟ್ಟು, ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡು, ಹುಲ್ಲಿನ ಮೇಲೆ ತಾನಾಗಿಯೇ ಮಲಗಿದ. ಓಡಿ ಬಂದ ದಾಂಡಿಗ ವೇಗ ತಗ್ಗಿಸಿ ಅವನ ಬೆನ್ನನ್ನು ಎರಡು ಬೆರಳಿನಿಂದ ಮುಟ್ಟಿದ.

ರೆಫರಿ ಸೀಟಿ ಊದಿದ. ಗುನಿಲ್ಲಾ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ಇಡೀ ಮೈದಾನ ತಟ್ಟಿತು. ಮುಂದಿನ ಸಾಲಿನಲ್ಲಿ ನೈನಾ ಕುರ್ಚಿಯ ಮೇಲೆ ಹತ್ತಿ, ಬೆರಳು ಮಡಿಸಿ ಎಣಿಸಿ, ಅಮ್ಮನಿಗೆ ಸ್ವೀಡಿಷ್‌ನಲ್ಲಿ ಕೂಗಿ ಹೇಳಿದಳು: ಅಪ್ಪನ ಕೆಲಸ ಮುಗಿಯಿತು.