ಶೇರನ್ನು ಮೂಗಿನಿಂದ ಪರಿಶೀಲಿಸುವುದನ್ನು ನಿಷೇಧಿಸುವ ಕುರಿತು

ಕರಾವಳಿ ಉಳಿತಾಯ ಸದುಪಯೋಗ ಇಲಾಖೆ
ಭಟ್ಕಳ, ಹೊನ್ನಾವರ, ಕುಮಟಾ ವಲಯ

ಸಂಖ್ಯೆ: ಕಉಸ/ಅಂಗಿ/ಶೇರು/11/2024-25

ವಿಷಯ: ನಷ್ಟದಲ್ಲಿರುವ ತೊಡುನಗು ಉಡುಪು ಕಂಪನಿಯ ಶೇರುಗಳನ್ನು ಹೊನ್ನಾವರದ ಮೀನು ಮಾರುವ ಮಹಿಳೆಯರ ಸಂಘದ ಮಳೆಗಾಲದ ನಿಧಿಯಿಂದ ಖರೀದಿಸುವ ಬಗ್ಗೆ.

ಉಲ್ಲೇಖ: 1) ವಲಯಾಧಿಕಾರಿ ಗುರುದತ್ತ ಅವರ ಸ್ಟಾಕ್ ತಪಾಸಣಾ ವರದಿ.
2) ಸಂಘದ ಅಧ್ಯಕ್ಷೆ ಸುಬ್ಬಿಯವರ ಮೌಖಿಕ ಆಕ್ಷೇಪಣೆ (ಬುಟ್ಟಿ ಇಳಿಸದೆ ಸಲ್ಲಿಸಿದ್ದು).

ಬೋಟುಗಳು ನೀರಿಗಿಳಿಯದ ತಿಂಗಳುಗಳಲ್ಲಿ ಅಕ್ಕಿ ತರಲೆಂದು ನಲವತ್ತು ಮಹಿಳೆಯರು ಕೂಡಿಟ್ಟ ಹಣವು ಬ್ಯಾಂಕಿನಲ್ಲಿ ಯಾವುದೇ ಸಾಹಸ ಮಾಡದೆ ಕುಳಿತಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಸದರಿ ಕಂಪನಿಯ ಶೇರು ನಾನೂರು ರೂಪಾಯಿಯಿಂದ ಒಂಬತ್ತಕ್ಕೆ ಇಳಿದಿರುವುದೂ ಗಮನಕ್ಕೆ ಬಂದಿರುತ್ತದೆ. ಕಂಪನಿಯ ಸ್ಟಾಕ್ ಕೊಳ್ಳಲು ಯೋಗ್ಯವೇ ಎಂದು ಪರಿಶೀಲಿಸುವಂತೆ ಆದೇಶಿಸಿದಾಗ ಗುರುದತ್ತ ಅವರು ಅಂಗಡಿಗಳಿಗೆ ತೆರಳಿ ಅಂಗಿಗಳನ್ನು ಎಣಿಸಿರುತ್ತಾರೆ. ಭಟ್ಕಳದಲ್ಲಿ ಕಪಾಟು ತುಂಬಿ, ಹೊನ್ನಾವರದಲ್ಲಿ ಮೆಟ್ಟಿಲಿಗೆ ಬಂದು, ಕುಮಟಾದಲ್ಲಿ ಅಂಗಡಿಯವರಿಗೇ ಕೂರಲು ಜಾಗವಿಲ್ಲದಷ್ಟು ಸ್ಟಾಕ್ ಇದ್ದುದರಿಂದ, ಸ್ಟಾಕ್ ಅತ್ಯುತ್ತಮವಾಗಿದೆಯೆಂದು ದೃಢೀಕರಿಸಿರುತ್ತಾರೆ.

ವರದಿ ಕೇಳಿದ ಸುಬ್ಬಿಯವರು, “ಬುಟ್ಟಿ ತುಂಬ ಬಂಗಡೆ ಉಳದ್ರೆ ಯಾಪಾರ ಚಲೋ ಆತು ಅಂಬ್ರಾ ಸಾಯೇಬ್ರೆ? ಬೆಳಿಗ್ಗೆ ನೂರಕ್ಕಿದ್ದ ಮೀನು ಮಧ್ಯಾಹ್ನ ಹತ್ತಕ್ಕೆ ಬಂತಂದ್ರೆ ಅಗ್ಗ ಆತು ಅಂತಲ್ಲ. ಮೊದ್ಲು ಮೂಗಿಗೆ ಹಿಡೀಬೇಕು” ಎಂದಿರುತ್ತಾರೆ.

ಆದಕಾರಣ ಸಂಬಂಧಪಟ್ಟ ಎಲ್ಲರಿಗೂ ಈ ಮೂಲಕ ಸೂಚಿಸಲಾಗಿದೆ:

1. ಶೇರಿಗೆ ವಾಸನೆ ಇರುವುದಿಲ್ಲ. ಅದನ್ನು ಮೂಸುವುದನ್ನೂ ಮೂಸಿದವರಂತೆ ಮುಖ ಮಾಡುವುದನ್ನೂ ನಿಷೇಧಿಸಲಾಗಿದೆ.

2. ಅಂಗಿಯನ್ನು ಯಾರೂ ಕೊಳ್ಳುತ್ತಿಲ್ಲವೆಂಬುದು ಅಂಗಿಯ ವಿಷಯ. ಅದನ್ನು ಶೇರಿನ ಕಡತದಲ್ಲಿ ಸೇರಿಸತಕ್ಕದ್ದಲ್ಲ.

3. ತಪಾಸಣೆಗೆಂದು ಗುರುದತ್ತ ಅವರು ಕೊಂಡ ಅಂಗಿಯ ತೋಳು ಒಂದೇ ಒಗೆತಕ್ಕೆ ಕುಗ್ಗಿ ಮೊಣಕೈವರೆಗೆ ಮೇಲೆ ಸರಿದಿರುವುದನ್ನು “ಏರುಗತಿ” ಎಂದು ದಾಖಲಿಸತಕ್ಕದ್ದು.

4. ಕಂಪನಿಯ ಸಾಲವೆಷ್ಟು, ಮಾಲೀಕರೇ ತಮ್ಮ ಶೇರುಗಳನ್ನು ಏಕೆ ಮಾರುತ್ತಿದ್ದಾರೆ ಎಂದು ಕೇಳುವುದು ಸಭ್ಯತೆಯಲ್ಲ. ಅವರು ಬಡವರಿಗಾಗಿ ಬಿಟ್ಟುಕೊಡುತ್ತಿದ್ದಾರೆಂದು ಭಾವಿಸತಕ್ಕದ್ದು.

5. ಬೆಲೆ ಇನ್ನೂ ಇಳಿದಲ್ಲಿ ಶೇರು ಇನ್ನೂ ಅಗ್ಗವಾಗುವುದರಿಂದ ಯಾರೂ ಗಾಬರಿಯಾಗತಕ್ಕದ್ದಲ್ಲ. ಕಂಪನಿ ಮುಚ್ಚಿದಲ್ಲಿ ಶೇರು ಪುಕ್ಕಟೆ ಸಿಗುವ ಸಂಭವವಿದ್ದು, ಅದಕ್ಕಾಗಿ ಸಾಲಿನಲ್ಲಿ ನಿಲ್ಲತಕ್ಕದ್ದು.

6. ನಿಧಿ ಕರಗಿದಲ್ಲಿ ಪ್ರತಿ ಮಹಿಳೆಗೆ ಅಕ್ಕಿಯ ಬದಲು ಆರು ಅಂಗಿ ನೀಡಲಾಗುವುದು. ಗಂಜಿಗೆ ಗುಂಡಿ ಕಿತ್ತ ಅಂಗಿಯನ್ನೇ ಬಳಸತಕ್ಕದ್ದು.

7. ಹಣ ತೆಗೆಯಲು ಅಧ್ಯಕ್ಷೆಯ ರುಜು ಕಡ್ಡಾಯವಾಗಿರುತ್ತದೆ. ರುಜು ಕೇಳಲು ಹೋದ ಗುರುದತ್ತ ಅವರಿಗೆ, “ಮೊದ್ಲು ನಿಮ್ಮ ಸಂಬಳ ಅದ್ರಲ್ಲಿ ಹಾಕಿ. ಮಳೆ ಕಳೀಲಿ, ಆಮೇಲೆ ನೋಡ್ವ” ಎಂದು ಸುಬ್ಬಿಯವರು ಷರತ್ತು ವಿಧಿಸಿರುತ್ತಾರೆ. ಸಿಬ್ಬಂದಿಯ ಸಂಬಳವು ಕಷ್ಟಪಟ್ಟು ಗಳಿಸಿದ್ದಾದುದರಿಂದ ಅದನ್ನು ಅಪಾಯಕ್ಕೆ ಒಡ್ಡಲು ನಿಯಮಗಳಲ್ಲಿ ಅವಕಾಶವಿರುವುದಿಲ್ಲ.

8. ರುಜು ದೊರೆಯದಿರುವುದರಿಂದ ಈ ಸುತ್ತೋಲೆಯು ಜಾರಿಯಲ್ಲಿದ್ದರೂ ಜಾರಿಯಾಗುವುದಿಲ್ಲ.

ಸಹಿ/-
ಉಪನಿರ್ದೇಶಕರು (ಇತರರ ಹಣ)

ಪ್ರತಿಗಳು:
1. ಮೂರೂ ಪಟ್ಟಣಗಳ ಶಾಖೆಗಳಿಗೆ, ಮಾಹಿತಿಗಾಗಿ.
2. ತೊಡುನಗು ಉಡುಪು ಕಂಪನಿಗೆ. ಈ ವಿಳಾಸದಲ್ಲಿ ಯಾರೂ ಇಲ್ಲವೆಂದು ಲಕೋಟೆ ಮರಳಿದ್ದು, ಅದೇ ವಿಳಾಸಕ್ಕೆ ಪುನಃ ಕಳುಹಿಸಲಾಗಿದೆ.
3. ಶ್ರೀಮತಿ ಸುಬ್ಬಿಯವರಿಗೆ. ತಲುಪಿರುತ್ತದೆ. ತಲುಪಿದ್ದಕ್ಕೂ ರುಜು ಹಾಕಿರುವುದಿಲ್ಲ.