ಒಂದು ಹನಿಯೂ ಬೀಳಕೂಡದು

ಒಂದು ಹನಿ ಎಣ್ಣೆ ಮಹಾ ಏನು ಮಾಡೀತು ಎಂದು ಯಾರಾದರೂ ಕೇಳಿದರೆ ಅವರಿಗೆ ಕನ್ನಡಕದವರ ಮನೆಯ ಅಂಗಳ ತೋರಿಸಬೇಕು. ಹೊಸದಾಗಿ ಕಲ್ಲು ಹಾಸಿದ ಅಂಗಳ. ನಡುವೆ, ಅವರ ಹಳೆಯ ಡೀಸೆಲ್ ಜೀಪು ನಿಲ್ಲುವ ಕಡೆ, ತಟ್ಟೆಯಗಲದ ಕಪ್ಪು ಕಲೆ. ಆ ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಗೊತ್ತಾಗದೆ ಅದರ ಮೇಲೆ ಕಾಲಿಟ್ಟು, ನಡುಮನೆ, ಅಡುಗೆಮನೆ ಎಲ್ಲಾ ಸುತ್ತಿ ಮಲಗುವ ಕೋಣೆಗೆ ಬಂದು ಹಿಂದಿರುಗಿ ನೋಡಿದರು. ಮನೆಯ ತುಂಬ ಅವರದೇ ಹೆಜ್ಜೆ. ಹಾಸಿಗೆಯಲ್ಲಿ ಕನ್ನಡಕದವರು ಇನ್ನೂ ಮಲಗಿದ್ದರು.

"ಏಳ್ರೀ ಮೇಲೆ! ನಿಮ್ಮ ಎಮ್ಮೆ ಮತ್ತೆ ಸೋರಿದೆ!"

ಎಮ್ಮೆ ಎಂದರೆ ಜೀಪು. ಬಣ್ಣ, ನಡಿಗೆ, ಹಟ ಮೂರೂ ಹೊಂದುತ್ತಿದ್ದುದರಿಂದ ಬೀದಿಯವರೆಲ್ಲ ಆ ಹೆಸರನ್ನು ಒಪ್ಪಿದ್ದರು.

"ಸಂಜೆ ನನ್ನ ತಮ್ಮ ಬರ್ತಾನೆ. ಅವನಿಗೆ ಗುಜರಿಯವನೊಬ್ಬ ಗೊತ್ತು, ಜೊತೇಲೇ ಕರ್ಕೊಂಡು ಬಾ ಅಂತ ಹೇಳಿಬಿಟ್ಟಿದೀನಿ."

ಕನ್ನಡಕದವರು ದಡಕ್ಕನೆ ಎದ್ದು ಕೂತರು. "ಗುಜರಿಗಾ? ನಮ್ಮಪ್ಪ ಓಡಿಸ್ತಿದ್ದ ಗಾಡಿ ಕಣೇ ಅದು!"

"ಮಾವ ಓಡಿಸುವಾಗ ಸೋರ್ತಿರಲಿಲ್ಲ."

ಅಪ್ಪನ ತೊಡೆಯ ಮೇಲೆ ಕೂತು ಅವರು ಸ್ಟಿಯರಿಂಗ್ ಹಿಡಿದದ್ದು ಅದೇ ಜೀಪಿನಲ್ಲಿ. ಈಗಲೂ ಅದರ ಬಾಗಿಲು ತೆಗೆದರೆ ಅಪ್ಪನ ವಾಸನೆ ಬರುತ್ತದೆ ಎಂದು ಅವರ ನಂಬಿಕೆ. ಅದು ಡೀಸೆಲ್ ವಾಸನೆ ಎಂದು ಹೆಂಡತಿಯ ವಾದ. ಜೀಪು ಹೋದರೆ ಅಪ್ಪ ಇನ್ನೊಂದು ಸಲ ಹೋದ ಹಾಗೆ ಎಂದು ಅವರಿಗೆ ಅನಿಸಿತು.

"ಇವತ್ತೇ ರಿಪೇರಿ ಮಾಡ್ತೀನಿ," ಎಂದರು.

ಹೆಂಡತಿ ಒಂದು ಹಳೆಯ ಬಿಳಿ ಹೊದಿಕೆ ತಂದು ಅವರ ಮುಂದೆ ಹಾಕಿದರು. "ರಿಪೇರಿ ಆದ್ಮೇಲೆ ಇದನ್ನ ಜೀಪಿನಡಿ ಹಾಸಿ. ಸಂಜೆ ಇದರ ಮೇಲೆ ಒಂದು ಹನಿ ಕಂಡ್ರೂ ಎಮ್ಮೆ ಗುಜರಿಗೆ. ಕಾಣದಿದ್ರೆ ಇನ್ನು ನಾನು ಬಾಯಿ ಬಿಡಲ್ಲ."

ಪೇಟೆಯಲ್ಲಿ ಕನ್ನಡಕ ಮಾರುವ ಅಂಗಡಿ ಅವರದು. ಎಳ್ಳುಕಾಳಿನಂಥ ಸ್ಕ್ರೂಗಳನ್ನು ತಿರುಗಿಸಿ ಪಳಗಿದ ಕೈ. ಸ್ಕ್ರೂ ಆದರೇನು, ಬೋಲ್ಟ್ ಆದರೇನು ಎಂದುಕೊಂಡು ಸ್ಪ್ಯಾನರ್ ಸೆಟ್ಟಿಗಾಗಿ ಹಿತ್ತಲ ಕೋಣೆಗೆ ಹೋದರೆ ಅಲ್ಲಿ ಜೇಡರ ಬಲೆ ಇತ್ತು. ಸೆಟ್ಟು ಭಾವಮೈದನ ಮನೆಯಲ್ಲಿತ್ತು. ಏಣಿ, ಗಾಳಿ ಹೊಡೆಯುವ ಪಂಪು, ಹೊಸ ಕೊಡೆ ಕೂಡ ಅಲ್ಲೇ ಇದ್ದವು. ಮನುಷ್ಯ ಕೆಟ್ಟವನಲ್ಲ. "ನಾಳೆ ತಂದುಕೊಡ್ತೀನಿ ಭಾವ" ಎನ್ನುವಾಗ ಅವನ ಮುಖದಲ್ಲಿ ಕಪಟ ಇರುತ್ತಿರಲಿಲ್ಲ. ಆ ನಾಳೆ ಮಾತ್ರ ಬರುತ್ತಿರಲಿಲ್ಲ. ಗಟ್ಟಿಯಾಗಿ ಕೇಳೋಣವೆಂದರೆ ಹೆಂಡತಿಯ ಮುದ್ದಿನ ತಮ್ಮ.

ಹಾಗಾಗಿ ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರಣ್ಣನ ಬಾಗಿಲು ತಟ್ಟಬೇಕಾಯಿತು.

"ಸ್ಪ್ಯಾನರ್ ಕೊಡ್ತೀನಿ," ಎಂದರು ಡ್ರೈವರಣ್ಣ, "ಆದ್ರೆ ವಾಪಸ್ ಬರಬೇಕು. ಸರ್ವೀಸಿನ ಮೊದಲ ದಿನದಿಂದ ಇರೋದು. ಹೆಂಡ್ತಿಗೂ ಮುಟ್ಟೋಕೆ ಬಿಟ್ಟಿಲ್ಲ."

"ನಾನು ಅಂಥವನಾ ಅಣ್ಣ?"

ಸ್ಪ್ಯಾನರಿನ ಜೊತೆ ಡ್ರೈವರಣ್ಣನೂ ಸ್ಟೂಲು ಹಿಡಿದುಕೊಂಡು ಬಂದರು. ಕಲೆ ನೋಡಿ ತಲೆಯಾಡಿಸಿದರು. "ಎಣ್ಣೆ ಬಿದ್ದಿರೋದು ಕೆಳಗೆ. ಅಂದ್ಮೇಲೆ ಸೋರೋದೂ ಕೆಳಗೇ. ಎಣ್ಣೆ ಇಳಿಸೋ ಬೋಲ್ಟ್ ಸಡಿಲ ಆಗಿದೆ. ನುಗ್ಗಿ ಬಿಗಿ ಮಾಡಿ."

ಕನ್ನಡಕದವರು ಜೀಪಿನಡಿ ಅಂಗಾತ ಮಲಗಿ ನುಸುಳಿದರು. "ಯಾವ ಕಡೆ ತಿರುಗಿಸ್ಲಿ?"

ಡ್ರೈವರಣ್ಣ ಬಗ್ಗಿ, ಸ್ಟಿಯರಿಂಗ್ ತಿರುಗಿಸುವಂತೆ ಕೈ ತಿರುಗಿಸಿ ತೋರಿಸಿದರು. "ಹೀಗೆ!"

ಮೇಲಿನಿಂದ ನೋಡಿದವರ ಬಿಗಿ, ಕೆಳಗೆ ಮಲಗಿದವರ ಸಡಿಲ. ಕನ್ನಡಕದವರು ಅವರ ಕೈ ನೋಡಿಕೊಂಡು ಹಾಗೆಯೇ ತಿರುಗಿಸಿದರು, ಇನ್ನೂ ತಿರುಗಿಸಿದರು. ಬೋಲ್ಟು ಕಳಚಿ ಎದೆಯ ಮೇಲೆ ಬಿತ್ತು. ಅದರ ಬೆನ್ನಿಗೇ ಇಂಜಿನ್ನಿನ ಎಣ್ಣೆಯೆಲ್ಲ ಮುಖದ ಮೇಲೆ ಇಳಿಯಿತು.

"ಅಣ್ಣಾ, ಇಷ್ಟು ಬೇಗ ಕತ್ತಲಾಯ್ತಾ?" ಎಂದು ಕೇಳಿತು ಅಡಿಯಿಂದ ಒಂದು ಕ್ಷೀಣ ದನಿ.

ಹೊರಗೆಳೆದು ಕನ್ನಡಕ ಒರೆಸಿಕೊಟ್ಟ ಮೇಲೆ ಅದು ಹಗಲೇ ಎಂದು ತಿಳಿಯಿತು. ಅದೇ ಕನ್ನಡಕ ಏರಿಸಿಕೊಂಡು ಅವರು ಇಂಜಿನ್ನನ್ನು ಗಿರಾಕಿಯ ಕಣ್ಣು ನೋಡುವಂತೆ ನೋಡಿದರು. ಮೇಲಿನ ಮುಚ್ಚಳದ ಅಂಚಿನಿಂದ, ಹಿಂಬದಿಯಲ್ಲಿ, ಕೂದಲೆಳೆಯಂಥ ಒಂದು ಜಿಡ್ಡಿನ ಗೆರೆ ಕೆಳಗಿನವರೆಗೂ ಇಳಿದಿತ್ತು.

"ಸೋರಿದ್ದು ಮೇಲೆ ಅಣ್ಣ! ನಾವು ಕೆಳಗೆ ಬಿಚ್ಚಿದ್ವಿ!"

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು," ಎಂದರು ಡ್ರೈವರಣ್ಣ, ಬರೆ ಹಾಕಿಸಿದವರು ಬೇರೆ ಯಾರೋ ಎಂಬಂತೆ.

ಕೆಳಗಿನ ಬೋಲ್ಟನ್ನು ಮತ್ತೆ ಕೂರಿಸಿ ಮೇಲಿನ ಮುಚ್ಚಳ ಬಿಚ್ಚಿದರೆ, ಅದರ ಕೆಳಗೆ ಎಣ್ಣೆ ಸೋರದಂತೆ ತಡೆಯುವ ಪ್ಯಾಕಿಂಗ್ ಒಣಗಿದ ತೊಗಟೆಯಂತೆ ಪುಡಿಯಾಯಿತು. ಪೇಟೆಗೆ ಓಡಿದರೆ ಬಿಡಿಭಾಗಗಳ ಅಂಗಡಿಯವನು ನಕ್ಕು, "ಈ ಗಾಡಿ ಇನ್ನೂ ಬದುಕಿದೆಯಾ ಸ್ವಾಮಿ? ಪ್ಯಾಕಿಂಗ್ ಸಿಗಲ್ಲ, ನೀವೇ ಕತ್ತರಿಸಿಕೊಳ್ಳಿ," ಎಂದು ಎಣ್ಣೆಯ ಡಬ್ಬಿಯ ಜೊತೆ ಒಂದು ಕಾರ್ಕ್ ಶೀಟು ಕೊಟ್ಟ. ಮನೆಗೆ ಬಂದು ಕತ್ತರಿಸುವುದು ಎಂದ ಕೂಡಲೇ ಎದುರುಮನೆಯ ಟೈಲರ್ ಕೊರಳಲ್ಲಿ ಟೇಪಿನೊಂದಿಗೆ ಹಾಜರಾದ. ಮುಚ್ಚಳದ ಅಳತೆ ತೆಗೆದು ಕ್ಷಣದಲ್ಲಿ ಕತ್ತರಿಸಿದ. ಎಲ್ಲ ಕಡೆಯೂ ಬೆರಳಗಲ ದೊಡ್ಡದು.

"ಇದ್ಯಾಕಪ್ಪ ಇಷ್ಟು ಹೊರಗೆ ಬಂದಿದೆ?"

"ಹೊಲಿಗೆಗೆ ಬಿಟ್ಟಿದೀನಿ ಸಾರ್. ಮುಂದೆ ಎಮ್ಮೆ ದಪ್ಪ ಆದ್ರೆ ಬಿಚ್ಚಿಕೊಳ್ಳಬಹುದು."

ಅಂಚು ಕತ್ತರಿಸಿ ಸರಿಮಾಡಿ ಮುಚ್ಚಳ ಕೂರಿಸಿದರು. "ಮುರಿಯೋ ಹಾಗೆ ಬಿಗೀರಿ!" ಎಂದರು ಡ್ರೈವರಣ್ಣ. ಈ ಸಲ ಕನ್ನಡಕದವರು ಯಾರ ಮಾತನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ಗಾಜು ಒಡೆಯದಂತೆ ಬಿಗಿ ಮಾಡುವ ಹಾಗೆ, ಆ ಬದಿ ಒಂದಿಷ್ಟು ಈ ಬದಿ ಒಂದಿಷ್ಟು, ಮೆಲ್ಲಗೆ ತಿರುಗಿಸಿದರು. ಹೊಸ ಎಣ್ಣೆ ಸುರಿದು, ಡ್ರೈವರಣ್ಣನ ಸ್ಪ್ಯಾನರನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿ, ಕೈ ತೊಳೆದು ಬಂದು ಕೊಟ್ಟರಾಯಿತೆಂದು ಜೀಪಿನ ಹಿಂದಿನ ಸೀಟಿನಲ್ಲಿಟ್ಟರು. ಕಲ್ಲಿನ ಮೇಲೆ ಚೆಲ್ಲಿದ್ದ ಎಣ್ಣೆಯನ್ನೆಲ್ಲ ತೊಳೆದು ಒರೆಸಿ, ಬಿಳಿ ಹೊದಿಕೆ ಹಾಸಿ ಇಂಜಿನ್ ಚಾಲೂ ಮಾಡಿದರು.

ಎಮ್ಮೆ ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ಹದವಾಗಿ ಗುಡುಗತೊಡಗಿತು. ಸಂಜೆಯವರೆಗೂ ಎಲ್ಲರೂ ಸರದಿಯಲ್ಲಿ ಬಗ್ಗಿ ನೋಡಿದ್ದೇ ನೋಡಿದ್ದು. ಹೊದಿಕೆ ಹಾಸಿದಾಗ ಹೇಗಿತ್ತೋ ಹಾಗೇ ಇತ್ತು. ಹೆಂಡತಿ ಕೂಡ ಬಗ್ಗಿ ನೋಡಿ, "ಪರವಾಗಿಲ್ಲ," ಎಂದರು. ಕನ್ನಡಕದವರ ಕಣ್ಣು ಒದ್ದೆಯಾಯಿತು. ಎಣ್ಣೆ ಹೋಗಿದೆ ಎಂದು ಸುಳ್ಳು ಹೇಳಿ ಒರೆಸಿಕೊಂಡರು.

ಅಷ್ಟರಲ್ಲಿ ಭಾವಮೈದ ಗುಜರಿಯವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬಂದ. ಹೊದಿಕೆ ನೋಡಿದ, ಇಂಜಿನ್ನಿನ ಸದ್ದು ಕೇಳಿದ.

"ಇಂಥ ಗಾಡೀನ ಗುಜರಿಗೆ ಹಾಕ್ತಾರಾ ಅಕ್ಕ? ಛೆ! ನಿನಗೆ ಮನಸ್ಸಾದ್ರೂ ಹೇಗೆ ಬಂತು?" ಎಂದು ಗುಜರಿಯವನನ್ನು ಅಲ್ಲಿಂದಲೇ ಕಳಿಸಿಬಿಟ್ಟ. ಮದುವೆಯಾದ ಮೇಲೆ ಮೊದಲ ಸಲ ಕನ್ನಡಕದವರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು.

"ಕೀ ಎಲ್ಲಿ ಭಾವ?"

"ಕೀ ಯಾಕಪ್ಪಾ?"

"ಒಂದು ವಾರಕ್ಕೆ. ಸಾಮಾನು ಸಾಗಿಸೋದಿತ್ತು. ಎಣ್ಣೆ ಸೋರುತ್ತಲ್ಲ ಅಂತ ಇಷ್ಟು ದಿನ ಕೇಳೋಕೆ ಹೋಗಿರಲಿಲ್ಲ. ಈಗ ಆ ತಾಪತ್ರಯ ಇಲ್ವಲ್ಲ!"

ಕನ್ನಡಕದವರು ಹೆಂಡತಿಯತ್ತ ನೋಡಿದರು. "ಕೊಡ್ರೀ, ಅವನೇನು ಹೊರಗಿನವನಾ?" ಎಂದರು ಹೆಂಡತಿ.

"ಅಲ್ಲೀವರೆಗೂ ನನ್ನ ಸ್ಕೂಟರ್ ಇಲ್ಲೇ ಇರಲಿ ಭಾವ. ನಾಳೆ, ಹೆಚ್ಚಂದ್ರೆ ಮುಂದಿನ ವಾರ, ತಂದುಕೊಡ್ತೀನಿ." ಅವನ ಮುಖದಲ್ಲಿ ಕಪಟ ಇರಲಿಲ್ಲ. ಎಮ್ಮೆ ಗುಡುಗುತ್ತ, ಒಂದು ಹನಿಯೂ ಬೀಳಿಸದೆ, ಏಣಿ ಪಂಪು ಕೊಡೆ ಹೋದ ದಾರಿಯಲ್ಲೇ ಹೋಯಿತು.

ಬೆಳಿಗ್ಗೆ ಹೆಂಡತಿ ಅಂಗಳದಿಂದ ಕೂಗಿದರು. ಕನ್ನಡಕದವರು ಓಡಿಬಂದರು. ಸ್ಕೂಟರಿನಡಿ, ತೊಳೆದ ಕಲ್ಲಿನ ಮೇಲೆ, ಹೊಳೆಯುವ ಕಪ್ಪು ಕಲೆ.

"ಪಾಪ, ನನ್ನ ತಮ್ಮನ ಗಾಡಿ ಸೋರ್ತಿದೆ," ಎಂದರು ಹೆಂಡತಿ ಅತಿ ಮೃದುವಾಗಿ. "ನೀವೇ ಒಂಚೂರು ನೋಡಿಬಿಡ್ರೀ. ಹೇಗೂ ಕೈ ಕುದುರಿದೆಯಲ್ಲ."

ಅವರು ಬಗ್ಗಿ ಸ್ಕೂಟರಿನಡಿ ನೋಡುತ್ತಿರುವಾಗ ಪಕ್ಕದ ಗೋಡೆಯ ಮೇಲೆ ಡ್ರೈವರಣ್ಣನ ತಲೆ ಕಾಣಿಸಿತು.

"ಕನ್ನಡಕದವರೇ, ಕೆಲಸ ಮುಗೀತಲ್ಲ, ನನ್ನ ಸ್ಪ್ಯಾನರ್ ಕೊಟ್ಟುಬಿಡಿ."

ಕನ್ನಡಕದವರು ಜೀಪು ಹೋದ ದಾರಿಯನ್ನು ನೋಡಿದರು.

"ನಾಳೆ ತಂದುಕೊಡ್ತೀನಿ ಅಣ್ಣ," ಎಂದರು.